ಹೊಸಬರಿಗೆ: ‘ಕೈಂಡ್’ ಅಂದ ಕೂಡಲೇ ಕರಗಬೇಡಿ

‘ಕೈಂಡ್’ ಅಂದ್ರೆ ದಯೆ ಇರುವವರು ಅಂತ ಶಾಲೆಯಲ್ಲೇ ಕಲಿತಿರುತ್ತೇವೆ. ಅದು ಸರಿಯೇ. ಆದರೆ ಇಂಗ್ಲಿಷ್ ಆಡುವ ದೇಶಕ್ಕೆ ಬಂದ ಮೇಲೆ ಈ ಪದ ನಾನಾ ವೇಷದಲ್ಲಿ ಎದುರಾಗುತ್ತದೆ.

ಹೆಚ್ಚು ಎಡವುವುದು ‘ಕೈಂಡ್ಲಿ’ಯಲ್ಲಿ. ನಮ್ಮ ಕಡೆ ಆಫೀಸಿನಲ್ಲಿ ಅದು ‘ದಯವಿಟ್ಟು’ ಇದ್ದಂತೆ. ‘ಕೈಂಡ್ಲಿ ಸೆಂಡ್ ದ ಫೈಲ್’ ಅಂತ ಬರೆದರೆ ಯಾರೂ ಬೇಜಾರಾಗುವುದಿಲ್ಲ. ಬ್ರಿಟನ್, ಅಮೆರಿಕದವರ ಕಿವಿಗೆ ಅದೇ ಮಾತು ನೋಟಿಸ್ ಬೋರ್ಡಿನ ಹಾಗೆ, ಕೆಲವೊಮ್ಮೆ ಗದರಿದ ಹಾಗೆ ಕೇಳುತ್ತದೆ. ‘ವಿಲ್ ಯೂ ಕೈಂಡ್ಲಿ ಸ್ಟಾಪ್ ದಟ್’ ಅಂದರೆ ಅವರ ತಾಳ್ಮೆ ಮುಗಿದಿದೆ ಅಂತಲೇ ಅರ್ಥ. ಮೋಸದ ಮೇಲ್‌ಗಳಲ್ಲೂ ‘ಕೈಂಡ್ಲಿ’ ಜಾಸ್ತಿ, ಹಾಗಾಗಿ ಪರಿಚಯ ಇಲ್ಲದವರಿಗೆ ಬರೆದರೆ ಅನುಮಾನವೂ ಬರಬಹುದು. ಸುಮ್ನೆ ‘ಕುಡ್ ಯೂ ಪ್ಲೀಸ್’ ಅಂತ ಬರೆಯಿರಿ. ಇನ್ನು ‘ಶಿ ಡಿಡಂಟ್ ಟೇಕ್ ಕೈಂಡ್ಲಿ ಟು ಇಟ್’ ಅಂದರೆ ಆಕೆಗೆ ಸಿಟ್ಟು ಬಂದಿದೆ, ಹುಷಾರು!

ಮೀಟಿಂಗಿನಲ್ಲಿ ‘ಐ ಕೈಂಡ್ ಆಫ್ ಅಗ್ರೀ’ ಅಂದವರು ಪೂರ್ತಿ ಒಪ್ಪಿಲ್ಲ. ‘ಒಂಥರಾ ಸರಿ’ ಅಂತ ನಾವು ರಾಗ ಎಳೆಯುತ್ತೇವಲ್ವಾ, ಅದೇ. ಕೆಲಸ ಶುರು ಮಾಡುವ ಮೊದಲು ಇನ್ನೊಮ್ಮೆ ಕೇಳಿಬಿಡಿ. ಆದರೆ ‘ದಟ್ಸ್ ಕೈಂಡ್ ಆಫ್ ಯೂ’ ಅಂದರೆ ನಿಜವಾದ ಮೆಚ್ಚುಗೆ: ನೀವು ಮಾಡಿದ್ದು ಒಳ್ಳೆಯತನ ಅಂತ. ಅಂದಹಾಗೆ, ‘ಬಗೆ’ ಅನ್ನುವ ಕೈಂಡೂ ‘ದಯೆ’ಯ ಕೈಂಡೂ ಹಳೆಯ ಇಂಗ್ಲಿಷಿನ ಒಂದೇ ಬೇರಿನವು. ನೆಂಟರಿಷ್ಟರನ್ನು ಸೂಚಿಸುವ ‘ಕಿನ್’ ಕೂಡ ಅದೇ ಬಳಗದ್ದು.

‘ಇನ್ ಕೈಂಡ್’ನಲ್ಲಿ ದಯೆಯ ಸುಳಿವೇ ಇಲ್ಲ. ದುಡ್ಡಿನ ಬದಲು ವಸ್ತು ಅಥವಾ ಸೇವೆ ಕೊಡುವುದು ಅಷ್ಟೇ. ಬ್ರಿಟನ್ನಿನಲ್ಲಿ ಕೆಲಸ ಹಿಡಿದವರು ಇದನ್ನು ನೆನಪಿಡಿ: ಕಂಪನಿ ಕೊಡುವ ಕಾರು, ಖಾಸಗಿ ಆರೋಗ್ಯ ವಿಮೆ ಇವೆಲ್ಲ ‘ಬೆನಿಫಿಟ್ ಇನ್ ಕೈಂಡ್’. ಸಾಮಾನ್ಯವಾಗಿ ಅದಕ್ಕೂ ತೆರಿಗೆ ಬೀಳುತ್ತದೆ. ಫ್ರೀ ಅಂದುಕೊಂಡು ಹಿಗ್ಗಬೇಡಿ.

ಮೇಲ್ ಕೊನೆಗೆ ಹಾಕುವ ‘ಕೈಂಡ್ ರಿಗಾರ್ಡ್ಸ್’ ಎಲ್ಲರಿಗೂ ನಡೆಯುತ್ತದೆ. ಯಾರಾದರೂ ಬರೀ ‘ರಿಗಾರ್ಡ್ಸ್’ ಅಂತ ಹಾಕಿದರೆ ಕೋಪವೇನೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕೋಪ ಇದ್ದರೆ ಮೇಲಿನ ಸಾಲುಗಳಲ್ಲೇ ಗೊತ್ತಾಗಿರುತ್ತದೆ.