ಕೋಲಾ ಬಾಟಲಿಯ ನೀರು ರಾಕೆಟ್: ನಾನು ಕಟ್ಟುವ ಕ್ರಮ

ಬೆಂಕಿಕಡ್ಡಿ ಮದ್ದು, ಪಟಾಕಿ ಪುಡಿ ತುಂಬುವ ರಾಕೆಟ್ಟಿನ ಗೋಜಿಗೆ ನಾನು ಹೋಗುವುದಿಲ್ಲ. ಅದು ಹಾರುವುದಕ್ಕಿಂತ ಕೈಯಲ್ಲೇ ಸಿಡಿಯುವ ಸಂಭವ ಹೆಚ್ಚು. ನೀರು, ಗಾಳಿ, ಸೈಕಲ್ ಪಂಪು ಇದ್ದರೆ 2 ಲೀಟರ್ ಬಾಟಲಿ ಸುಮಾರು 40 ಮೀಟರ್ ಏರುತ್ತದೆ. ಇನ್ನೂ ಮೇಲೆ ಹೋಗಲಿ ಎಂದು ಎಲ್ಲರೂ ಮೊದಲು ಒತ್ತಡ ಹೆಚ್ಚಿಸುತ್ತಾರೆ. ಆದರೆ ರಾಕೆಟ್ ಕೆಡುವುದು ಸಾಮಾನ್ಯವಾಗಿ ಎರಡೇ ಕಡೆ: ಬುಡದ ಸೋರಿಕೆಯಲ್ಲಿ, ತೂಕದ ಹಂಚಿಕೆಯಲ್ಲಿ.

ಬಾಟಲಿ ಸೋಡಾ ಅಥವಾ ಕೋಲಾದ್ದೇ ಆಗಬೇಕು. ಒಳಗಿನ ಗ್ಯಾಸ್ ತಡೆಯಲೆಂದೇ ಅದನ್ನು ಮಾಡಿರುತ್ತಾರೆ. ಕುಡಿಯುವ ನೀರಿನ ಬಾಟಲಿ ಈ ಕೆಲಸಕ್ಕೆ ಬರುವುದಿಲ್ಲ. ಹೊಸ ಬಾಟಲಿಯನ್ನು ಮೊದಲು ಪರೀಕ್ಷಿಸಿ: ಕಂಠದವರೆಗೂ ನೀರು ತುಂಬಿ, ದೂರ ನಿಂತು 90 ಪಿಎಸ್‌ಐವರೆಗೆ (ಪಂಪಿನ ಮೀಟರ್ ತೋರಿಸುವ ಒತ್ತಡದ ಅಳತೆ) ಪಂಪ್ ಮಾಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಹಾಗಾಗಿ ಒಡೆದರೂ ಚೂರು ಸಿಡಿಯುವುದು ಕಡಿಮೆ. ಹಾರಿಸುವಾಗ ನನ್ನ ಮಿತಿ 60. ಮೈಮೇಲೆ ಬಿಳಿ ಗೆರೆ ಅಥವಾ ಮಡಿಕೆ ಬಿದ್ದ ಬಾಟಲಿ ನೇರ ಗುಜರಿಗೆ.

ಉಡಾವಣೆಗೆ ರಬ್ಬರ್ ಬಿರಡೆ, ಬಾಲ್‌ಗೆ ಗಾಳಿ ಹಾಕುವ ಸೂಜಿ ಸಾಕು ಎನ್ನುವವರಿದ್ದಾರೆ. ಅದು ಯಾವ ಒತ್ತಡಕ್ಕೆ ಕಳಚುತ್ತದೋ ಬಿರಡೆಗೇ ಗೊತ್ತು. ನಾನು ಬಳಸುವುದು ಅರ್ಧ ಇಂಚಿನ ಯುಪಿವಿಸಿ ಪೈಪು. ಹೊರವ್ಯಾಸ 21.3 ಮಿ.ಮೀ. ಇರುವ ದಪ್ಪ ಗೋಡೆಯದನ್ನು ಕೇಳಿ ತರಬೇಕು. ಅದು ಕೋಲಾ ಬಾಟಲಿಯ ಕಂಠದೊಳಗೆ ಹೆಚ್ಚೂಕಡಿಮೆ ಬಿಗಿಯಾಗಿ ಕೂರುತ್ತದೆ. ಸಿಪಿವಿಸಿ ತಂದರೆ ಸಣ್ಣದಾಗುತ್ತದೆ. ಪೈಪಿನ ತುದಿಯಿಂದ 22 ಸೆಂ.ಮೀ. ಕೆಳಗೆ, ಮನೆಯ ಹೊರಗೆ, ಮೋಂಬತ್ತಿಯ ಮೇಲೆ ತಿರುಗಿಸುತ್ತಾ ಮೆತ್ತಗೆ ಮಾಡಿ, ಪೈಪಿನ ಎರಡೂ ತುದಿಯಿಂದ ಉದ್ದುದ್ದಕ್ಕೆ ಒತ್ತಿದರೆ ಅಲ್ಲಿ ತುಸು ಉಬ್ಬುತ್ತದೆ. ಬಿಸಿ ಇರುವಾಗಲೇ ಬಾಟಲಿಯ ಬಾಯಿಯನ್ನು ಅದರ ಮೇಲೆ ತಿರುಗಿಸಿ ಕೂರಿಸಿದರೆ ಉಬ್ಬು ಬಾಯಿಯ ಅಳತೆಗೇ ಹೊಂದಿಕೊಂಡು ಸೋರಿಕೆ ತಡೆಯುತ್ತದೆ. ಪೈಪ್ ಕಪ್ಪಾಗಿ ಹೊಗೆ ಬಂದರೆ ಆ ತುಂಡು ಬಿಸಾಡಿ. ಬಿಸಿಲಿಗೆ ಒಣಗಿ ಪೆಡಸಾದ ಹಳೆ ಪೈಪು ಬೇಡವೇ ಬೇಡ.

ಬಾಟಲಿಯನ್ನು ಹಿಡಿದಿಡುವುದು 12 ಕೇಬಲ್ ಟೈಗಳು. ಅವನ್ನು ಪೈಪಿನ ಸುತ್ತ ಉದ್ದುದ್ದಕ್ಕೆ ನಿಲ್ಲಿಸಿ, ತಲೆಗಳು ಕಂಠದ ಅಂಚಿನ ಮೇಲೆ ಒಳಮುಖವಾಗಿ ಕೊಕ್ಕೆ ಹಾಕುವಂತೆ ಹೊಂದಿಸಿ, ಬುಡದಲ್ಲಿ ಹೋಸ್ ಕ್ಲಿಪ್ (ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿ) ಬಿಗಿಯಬೇಕು. ಆ ತಲೆಗಳ ಮೇಲೆ ಒಂದೂವರೆ ಇಂಚಿನ ಪೈಪಿನ 4 ಸೆಂ.ಮೀ. ತುಂಡು ಜಾರಿ ಕೂರುತ್ತದೆ. ಇದನ್ನು ಕೆಳಗೆ ಎಳೆದರೆ ಟೈಗಳು ಬಿಚ್ಚಿಕೊಂಡು ರಾಕೆಟ್ ಹೊರಡುತ್ತದೆ. ದಾರವನ್ನು ಎರಡೂ ಬದಿಗೆ ಕಟ್ಟಿ. ಒಂದೇ ಕಡೆ ಕಟ್ಟಿದರೆ ತುಂಡು ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಬಿಡಿಸಲು ಹತ್ತಿರ ಹೋಗುವುದೇ ಅಪಾಯ. ಸಿಕ್ಕಿಕೊಂಡರೆ ಪಂಪಿನ ಕಡೆಯಿಂದಲೇ ಗಾಳಿ ಬಿಡಬೇಕು. ಪೈಪಿನ ಇನ್ನೊಂದು ತುದಿಯ ಮುಚ್ಚಳಕ್ಕೆ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೆಸ್ ವಾಲ್ವ್. ಅದರ ತೂತು 11.5 ಮಿ.ಮೀ.

ರೆಕ್ಕೆಗೆ ಸ್ಟೇಷನರಿ ಅಂಗಡಿಯ 3 ಮಿ.ಮೀ. ಸನ್‌ಬೋರ್ಡ್ (ಫೋಮ್ ಹಾಳೆ) ಹಗುರ. ಮೂರು ಸಾಕು, ಬುಡದ ಉದ್ದ 12, ಹೊರಚಾಚು 8 ಸೆಂ.ಮೀ. ಬಾಟಲಿಗೆ ಕಾಗದದ ಪಟ್ಟಿ ಸುತ್ತಿ, ಬಿಚ್ಚಿ ಮೂರಾಗಿ ಮಡಿಸಿದರೆ ಸಮ ಅಂತರ ಸಿಗುತ್ತದೆ. ಅಂಟಿಸಲು ಎರಡು ಬದಿಯ ಟೇಪು. ತಕ್ಷಣ ಹಿಡಿಯುವ ಅಂಟು ಬಾಟಲಿಯನ್ನು ಪೆಡಸು ಮಾಡುತ್ತದೆ, ತೀರಾ ಬಿಸಿಯಾದ ಗ್ಲೂ ಗನ್ ಗೋಡೆಯನ್ನೇ ಸೊಟ್ಟಗಾಗಿಸುತ್ತದೆ. ಮೂತಿಗೆ ಅರ್ಧ ಟೆನಿಸ್ ಬಾಲ್, ಒಳಗೆ 50 ಗ್ರಾಂ ಜೇಡಿಮಣ್ಣು. ಚೂಪು ಮೂತಿ ಬೇಡ, ಅದು ಯಾರದಾದರೂ ತಲೆ ಮೇಲೆ ಬೀಳಬಹುದು.

ತೂಕದ ಲೆಕ್ಕ ಖಾಲಿ ಬಾಟಲಿಯಲ್ಲೇ ನೋಡಬೇಕು. ನೀರು ಹೊರಬಿದ್ದು ಮುಗಿಯುವುದು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಉಳಿದ ದಾರಿಯೆಲ್ಲ ಖಾಲಿ ಬಾಟಲಿಯದೇ. ರಾಕೆಟ್ಟಿನ ಪಕ್ಕನೋಟವನ್ನು ರಟ್ಟಿನಲ್ಲಿ ಕತ್ತರಿಸಿ ಸ್ಕೇಲಿನ ಅಂಚಿನ ಮೇಲೆ ತೂಗಿ. ರಟ್ಟು ಸಮ ನಿಂತ ಜಾಗಕ್ಕಿಂತ ನಿಜ ರಾಕೆಟ್ ಸಮ ನಿಲ್ಲುವ ಜಾಗ ಒಂದು ಬಾಟಲಿ ಅಗಲದಷ್ಟು, ಅಂದರೆ ಸುಮಾರು 11 ಸೆಂ.ಮೀ., ಮೂತಿಯ ಕಡೆಗಿರಬೇಕು. ಇಲ್ಲದಿದ್ದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಮೂತಿಗೆ ಮಣ್ಣು ಸೇರಿಸಿ ಅಥವಾ ರೆಕ್ಕೆ ದೊಡ್ಡದು ಮಾಡಿ. (ಟಿಪ್ಪು ಕಾಲದ ಮೈಸೂರು ರಾಕೆಟ್ಟಿನ ಕಬ್ಬಿಣದ ಕೊಳವೆಗೆ ಉದ್ದನೆ ಬಿದಿರು ಕಟ್ಟುತ್ತಿದ್ದದ್ದೂ ನೆಟ್ಟಗೆ ಹಾರಲೆಂದೇ. 2018ರಲ್ಲಿ ಹೊಸನಗರ ತಾಲೂಕಿನ ನಗರ ಎಂಬ ಊರಿನ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು.)

ನೀರು ಬಾಟಲಿಯ ಮೂರನೇ ಒಂದು ಭಾಗ, 600ರಿಂದ 650 ಮಿ.ಲೀ. ಹೆಚ್ಚಾದರೆ ಗಾಳಿಗೆ ಜಾಗ ಸಾಲದೆ ಕೊನೆಯ ನೀರು ಒಳಗೇ ಉಳಿಯುತ್ತದೆ. ಕಡಿಮೆಯಾದರೆ ನೂಕುಬಲ ಬೇಗ ಮುಗಿಯುತ್ತದೆ. ಬಾಟಲಿಯನ್ನು ನೆಟ್ಟಗೆ ಹಿಡಿದು ಪೈಪನ್ನು ಮೇಲಿನಿಂದ ಇಳಿಸಿ, ಟೈ ಮೇಲೆ ತುಂಡು ಜಾರಿಸಿ ಬಿಗಿಯಾದ ಮೇಲೆ ಇಡೀ ಜೋಡಣೆಯನ್ನು ಮಗುಚಿ. ಪೈಪಿನ ತುದಿ ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ ನೀರು ವಾಲ್ವಿನತ್ತ ಇಳಿಯುವುದಿಲ್ಲ.

ಪಂಪಿನ ಮೆದುಗೊಳವೆ, ದಾರ ಎರಡೂ ಕನಿಷ್ಠ 6 ಮೀಟರ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ. 30 ಪಿಎಸ್‌ಐನಲ್ಲಿ ಒಂದು ಹಾರಿಕೆ ನೇರ ಹೋಯಿತೆಂದರೆ ಮಾತ್ರ 60ಕ್ಕೆ ಏರಿಸುವುದು. ಗಾಳಿ ಜೋರಿದ್ದರೆ ರೆಕ್ಕೆಯ ರಾಕೆಟ್ ಗಾಳಿ ಬರುವ ಕಡೆಗೇ ಮೂತಿ ತಿರುಗಿಸುತ್ತದೆ, ಅಂಥ ದಿನ ಸಣ್ಣ ಮೈದಾನದಲ್ಲಿ ಹಾರಿಸಬೇಡಿ. ಪ್ಯಾರಾಚೂಟಿಗೆ ಕಸದ ಚೀಲದ 50 ಸೆಂ.ಮೀ. ಎಂಟುಮೂಲೆ ತುಂಡು, ಎಂಟು ದಾರ. ಅದನ್ನು ಸಡಿಲ ಮೂತಿಯೊಳಗೆ ಮಡಚಿಟ್ಟರೆ ತುದಿ ಮುಟ್ಟಿದಾಗ ಕಳಚಿ ಬಿಚ್ಚಿಕೊಳ್ಳಬೇಕು; ಮೂತಿ ತುಸು ಬಿಗಿಯಾದರೂ ಬಿಚ್ಚುವುದಿಲ್ಲ. ಹಾಗಾಗಿ ಪ್ಯಾರಾಚೂಟ್ ಇದೆ ಎಂದು ಯಾರನ್ನೂ ಕೆಳಗೆ ನಿಲ್ಲಿಸುವಂತಿಲ್ಲ.