ಕೊರಿಯನ್ ಅಕ್ಷರದ ನಂಬರ್ ನೀವೇ ಲೆಕ್ಕ ಹಾಕಿ

ಪೆನ್ಸಿಲ್, ಚೀಟಿ ಎತ್ತಿಕೊಳ್ಳಿ. ಕೊರಿಯನ್ ಲಿಪಿಯ ಹೆಸರು ಹಂಗುಲ್. ಆ ಹೆಸರಿನಲ್ಲಿ ಎರಡು ಅಕ್ಷರ: ಹನ್, ಗುಲ್. ಕಂಪ್ಯೂಟರಿನಲ್ಲಿ ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಡುವ ಪಟ್ಟಿ ಯೂನಿಕೋಡ್. ಮೊದಲನೆಯದಕ್ಕೆ ಅದು ಕೊಟ್ಟ ನಂಬರ್ ಎಷ್ಟು ಎಂದು ಹುಡುಕೋಣ.

ಮೊದಲು ಅಕ್ಷರವನ್ನು ಬಿಡಿಸಬೇಕು. 'ಹನ್' ಅನ್ನು ಒಂದು ಚೌಕದೊಳಗೆ ಬರೆಯುತ್ತಾರೆ. ಮೇಲೆ ಎಡಕ್ಕೆ ಹ್, ಪಕ್ಕದಲ್ಲಿ ಅ, ಎರಡರ ಕೆಳಗೆ ನ್. ಹೀಗೆ ಮೊದಲಿಗೆ ಬರುವ ವ್ಯಂಜನಗಳು 19, ಸ್ವರಗಳು 21, ಕೊನೆಯಲ್ಲಿ ಬರುವವು 27. ಕೊನೆಯಲ್ಲಿ ಏನೂ ಇಲ್ಲದಿರುವುದೂ ಉಂಟಲ್ವಾ? ಅದನ್ನೂ ಸೇರಿಸಿ 28.

ಈಗ ಪ್ರತಿ ತುಂಡಿನ ಕ್ರಮಸಂಖ್ಯೆ ಬೇಕು. ಎಣಿಕೆ ಸೊನ್ನೆಯಿಂದ ಶುರು; ಒಂದರಿಂದ ಎಣಿಸಿದರೆ ಉತ್ತರ ಎಲ್ಲೋ ಹೋಗುತ್ತದೆ. ಹ್ ಪಟ್ಟಿಯ ಕೊನೆಯದು, ಹಾಗಾಗಿ 18. ಅ ಮೊದಲನೆಯದು, 0. ಕೊನೆಯ ನ್‌ಗೆ 4.

18 ಅನ್ನು 21ರಿಂದ ಗುಣಿಸಿ, ಸ್ವರದ 0 ಕೂಡಿಸಿ: 378. ಅದನ್ನು 28ರಿಂದ ಗುಣಿಸಿ, 4 ಕೂಡಿಸಿ: 10588. ಇದಕ್ಕೆ 44032 ಸೇರಿಸಿ. ಹಂಗುಲ್ ಅಕ್ಷರಗಳ ಸಾಲು ಶುರುವಾಗುವುದೇ ಆ ನಂಬರಿನಿಂದ. ಉತ್ತರ 54620.

ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ನಮ್ಮ 'ಕಿ'ಗೆ ಯೂನಿಕೋಡ್‌ನಲ್ಲಿ ಒಂದೇ ನಂಬರ್ ಇಲ್ಲ. ಕ 3221, ಗುಡಿಸು 3263. ಎರಡನ್ನೂ ಜೋಡಿಸಿ ತೋರಿಸುವುದು ಫಾಂಟಿನ ಕೆಲಸ. ಕೊರಿಯನ್‌ನಲ್ಲಿ ಆಗಬಹುದಾದ 11,172 ಜೋಡಣೆಗಳಿಗೂ ಒಂದೊಂದು ನಂಬರ್ ಇದೆ.

ಮೊದಲು ಹೀಗಿರಲಿಲ್ಲ. ಕೊರಿಯಾದ 1987ರ ಸಂಕೇತ ಪಟ್ಟಿಯಲ್ಲಿ ಜಾಸ್ತಿ ಬಳಕೆಯ 2,350 ಅಕ್ಷರಗಳಿಗಷ್ಟೇ ನಂಬರ್ ಇತ್ತು. 1996ರಲ್ಲಿ ಯೂನಿಕೋಡ್‌ನ 2.0 ಆವೃತ್ತಿ, ಹಿಂದಿನ ಆವೃತ್ತಿಯಲ್ಲಿ ಹಂಗುಲ್‌ಗೆ ಕೊಟ್ಟಿದ್ದ ಹಳೆಯ ಜಾಗ ಬಿಟ್ಟು, ಎಲ್ಲವನ್ನೂ ಹೊಸ ಜಾಗದಲ್ಲಿ ಸಾಲಾಗಿ ಕೂರಿಸಿತು. ಹಳೆಯ ನಂಬರಿನಲ್ಲಿ ಉಳಿಸಿದ್ದ ಬರಹ ಕೆಟ್ಟಿತು. ಅಲ್ಲಿಂದೀಚೆಗೆ ಒಮ್ಮೆ ಕೊಟ್ಟ ನಂಬರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ. ಕನ್ನಡಕ್ಕೂ ಅದೇ ಕಾವಲು.

ಬಿಡಿ ತುಂಡುಗಳಿಗೂ ಬೇರೆ ನಂಬರ್‌ಗಳಿವೆ. ಮ್ಯಾಕ್‌ನಿಂದ ವಿಂಡೋಸ್‌ಗೆ ಬಂದ ಕೊರಿಯನ್ ಫೈಲ್ ಹೆಸರು ಕೆಲವೊಮ್ಮೆ ಹ್, ಅ, ನ್ ಎಂದು ಚದುರಿ ಕಾಣುವುದು ಅದಕ್ಕೇ. ಎನ್‌ಎಫ್‌ಸಿ ಎಂಬ ವಿಧಾನ ಅವನ್ನು ಮತ್ತೆ ಜೋಡಿಸುತ್ತದೆ. ನೀವು ಈಗ ಹಾಕಿದ ಲೆಕ್ಕವೇ ಅದರ ಒಳಗೂ ನಡೆಯುವುದು.

ಇನ್ನು ಉಲ್ಟಾ ಮಾಡಿ ನೋಡಿ. ನಂಬರ್ 44544. ಅದರಿಂದ 44032 ಕಳೆದರೆ 512. 28ರಿಂದ ಭಾಗಿಸಿ: ಭಾಗಲಬ್ಧ 18, ಶೇಷ 8. ಆ 18 ಅನ್ನು 21ರಿಂದ ಭಾಗಿಸಿ: ಭಾಗಲಬ್ಧ 0, ಶೇಷ 18. ಅಂದರೆ ಮೊದಲ ವ್ಯಂಜನ 0, ಗ್. ಸ್ವರ 18, ಒಂದೇ ಒಂದು ಅಡ್ಡಗೆರೆ. ಕೊನೆಯದು 8, ಲ್. ಮೂರನ್ನೂ ಚೌಕದೊಳಗೆ ಮೇಲಿಂದ ಕೆಳಗೆ ಇಡಿ: ಗುಲ್.