ಕೊಲೊಸಲ್ ಸ್ಕ್ವಿಡ್ ಮತ್ತು ಹಿಮಕರಡಿ: ಹೋಲಿಕೆ ಪಟ್ಟಿ ತಯಾರಿಸುವುದು ಹೇಗೆ

ಕೊಲೊಸಲ್ ಸ್ಕ್ವಿಡ್ (ಬಾಹುಗಳುಳ್ಳ, ಮೂಳೆಯಿಲ್ಲದ ದೈತ್ಯ ಕಡಲಜೀವಿ) ಮತ್ತು ಹಿಮಕರಡಿ, ಇವೆರಡರ ಮಾತು ಬಂದರೆ ‘ಜಗಳವಾದರೆ ಗೆಲ್ಲೋದು ಯಾವುದು’ ಎಂಬ ಪ್ರಶ್ನೆಯೇ ಮೊದಲು. ಅದನ್ನು ಬದಿಗಿಡಿ. ಹಿಮಕರಡಿಯ ನೆಲೆ ಉತ್ತರ ಧ್ರುವದ ಸುತ್ತಲಿನ ಕಡಲಹಿಮ, ಕೊಲೊಸಲ್ ಸ್ಕ್ವಿಡ್‌ನದು ಅಂಟಾರ್ಕ್ಟಿಕಾ ಸುತ್ತಲಿನ ಆಳ ನೀರು. ಎದುರಾಗುವ ಸಂಭವವೇ ಇಲ್ಲ. ಹೆಚ್ಚುಕಡಿಮೆ ಒಂದೇ ತೂಕದ ಎರಡು ಬೇಟೆಗಾರ ಪ್ರಾಣಿಗಳು ಚಳಿಯಲ್ಲಿ ಹೊಟ್ಟೆ ಹೊರೆಯುವ ಬಗೆಯನ್ನು ಹೋಲಿಸಿ.

ಶುರು ತೂಕದಿಂದ. 2007ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ಸಿಕ್ಕ, ಈಗ ವೆಲಿಂಗ್ಟನ್‌ನ ಟೆ ಪಾಪಾ ಮ್ಯೂಸಿಯಂನಲ್ಲಿರುವ ಸ್ಕ್ವಿಡ್ 495 ಕೆ.ಜಿ. ತೂಗುತ್ತಿತ್ತು. ಅದಕ್ಕೆ ಜೋಡಿಯಾಗಿ ಬೆಳೆದ ಗಂಡು ಕರಡಿಯನ್ನೇ ಇಡಿ. ಅದು ಸಾಮಾನ್ಯವಾಗಿ 350ರಿಂದ 700 ಕೆ.ಜಿ. ಹೆಣ್ಣು ಅದರ ಅರ್ಧದಷ್ಟೇ ಇರುವುದರಿಂದ ಗಂಡು–ಹೆಣ್ಣು ಸೇರಿಸಿ ಸರಾಸರಿ ತೆಗೆಯಬೇಡಿ.

ಉದ್ದದ ವಿಷಯದಲ್ಲಿ ಎಡವುವವರೇ ಹೆಚ್ಚು. ಇದೇ ಸ್ಕ್ವಿಡ್‌ ಸಿಕ್ಕಾಗ ಅಂದಾಜು 10 ಮೀಟರ್ ಅಂದಿದ್ದರು. ಹೆಪ್ಪುಗಟ್ಟಿಸಿ ಇಟ್ಟಿದ್ದ ಅದನ್ನು 2008ರಲ್ಲಿ ಕರಗಿಸಿ ಅಳೆದರೆ 4.2 ಮೀಟರ್. ಸತ್ತ ಮೇಲೆ ಉದ್ದನೆಯ ಬಾಹುಗಳು ಕುಗ್ಗುತ್ತವೆ, ಜಗ್ಗಿದರೆ ಹಿಗ್ಗುತ್ತವೆ. ಮಲ್ಪೆ, ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಒಂದು ಬೊಂಡಾಸ್ (ಸಣ್ಣ ಸ್ಕ್ವಿಡ್) ತಂದು ಅಳೆದರೆ ಇದು ಕಣ್ಣಿಗೇ ಕಾಣುತ್ತದೆ: ಬಾಹು ಎಳೆದಷ್ಟೂ ಟೇಪಿನ ಅಂಕಿ ಬದಲಾಗುತ್ತದೆ, ಚೀಲದಂಥ ಮೈ (ಮ್ಯಾಂಟಲ್) ಮಾತ್ರ ಹಾಗೆಯೇ ಇರುತ್ತದೆ. ಹಾಗಾಗಿ ಬೆನ್ನಿನ ಕಡೆಯಿಂದ, ಮ್ಯಾಂಟಲ್ಲಿನ ಮುಂದಿನ ಅಂಚಿನಿಂದ ಹಿಂದಿನ ತುದಿವರೆಗೆ ಅಳತೆ ಹಿಡಿಯಿರಿ. ಒಟ್ಟು ಉದ್ದ ಬರೆಯುವುದಾದರೆ ಬೇರೆ ಕಾಲಂನಲ್ಲಿ, ‘ಕರಗಿಸಿದ ನಂತರ’ ಎಂಬ ಟಿಪ್ಪಣಿಯೊಂದಿಗೆ.

ಆಯುಧಗಳಿಗೆ ಎರಡು ಸಾಲು ಸಾಕು. ಕರಡಿಗೆ 42 ಹಲ್ಲು, ಐದೈದು ಉಗುರಿನ ಪಂಜ. ಸ್ಕ್ವಿಡ್‌ಗೆ ಗಿಳಿಕೊಕ್ಕಿನಂಥ ಬಾಯಿ, ಬಾಹುಗಳಲ್ಲಿ ಕೊಕ್ಕೆಗಳು. ಉದ್ದನೆಯ ಎರಡು ಬಾಹುಗಳ ತುದಿಯ ಕೊಕ್ಕೆಗಳು ಸುತ್ತಲೂ ತಿರುಗುತ್ತವೆ.

ಹೋಲಿಕೆಯ ಜೀವಾಳ ಆಹಾರದ ಲೆಕ್ಕ. 500 ಕೆ.ಜಿ. ಸ್ಕ್ವಿಡ್‌ಗೆ ದಿನಕ್ಕೆ ಸುಮಾರು 45 ಕಿಲೋ ಕ್ಯಾಲರಿ ಸಾಕೆಂದು 2010ರ ಅಂದಾಜು. ಅಷ್ಟು ದೊಡ್ಡ ಮೈಗೆ ಒಂದು ಸಣ್ಣ ಇಡ್ಲಿಯಷ್ಟು! 5 ಕೆ.ಜಿ.ಯ ಒಂದು ಟೂತ್‌ಫಿಶ್ (ಅಂಟಾರ್ಕ್ಟಿಕಾ ಕಡಲಿನ ದೊಡ್ಡ ಮೀನು) ಸುಮಾರು 200 ದಿನಕ್ಕೆ ಬರುತ್ತದೆ. ಅಲಾಸ್ಕಾದ ಉತ್ತರಕ್ಕಿರುವ ಬ್ಯೂಫರ್ಟ್ ಸಮುದ್ರದ ಹೆಣ್ಣು ಹಿಮಕರಡಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನದ ಖರ್ಚು 12,325 ಕಿಲೋ ಕ್ಯಾಲರಿ; ಸುಮಾರು 270 ಪಟ್ಟು, ಅದೂ ಗಂಡಿಗಿಂತ ಹಗುರವಾದ ಮೈಗೆ. ಕರಡಿ ಬಿಸಿರಕ್ತದ ಪ್ರಾಣಿ, ಮೈಯನ್ನು ಸದಾ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟುಕೊಂಡು ಹಿಮದ ಮೇಲೆ ಅಲೆಯಬೇಕು. ಸ್ಕ್ವಿಡ್‌ನ ಮೈ 1.5 ಡಿಗ್ರಿಯಷ್ಟಿರುವ ನೀರಿನೊಡನೆ ತಣ್ಣಗಾಗಿಯೇ ಇರುತ್ತದೆ. ಅಟ್ಟಿಸಿಕೊಂಡು ಹೋಗುವುದಕ್ಕಿಂತ ಕಾದು ಹಿಡಿಯುವ ಜೀವ ಅದು.

ಈ ಎರಡು ಕ್ಯಾಲರಿ ಅಂಕಿಗಳನ್ನು ಒಂದೇ ಸಮನಾಗಿ ನಂಬಬೇಡಿ. ಕರಡಿಯದು ಜೀವಂತ ಪ್ರಾಣಿಗಳಲ್ಲಿ ಅಳೆದದ್ದು. ಸ್ಕ್ವಿಡ್‌ನದು ಅದರ ಸಂಬಂಧಿ ಜಾತಿಗಳ ಉಸಿರಾಟದ ದರ, ತೂಕ, ನೀರಿನ ಉಷ್ಣತೆಯಿಂದ ಲೆಕ್ಕ ಹಾಕಿದ್ದು. ಒಂದರ ಮುಂದೆ ‘ಅಳತೆ’, ಇನ್ನೊಂದರ ಮುಂದೆ ‘ಅಂದಾಜು’ ಎಂದು ಬರೆಯಿರಿ. ಸ್ಕ್ವಿಡ್ ತನ್ನ ನೆಲೆಯಲ್ಲಿ ಜೀವಂತವಾಗಿ ಮೊದಲು ಕ್ಯಾಮೆರಾಕ್ಕೆ ಸಿಕ್ಕಿದ್ದೇ 2025ರ ಮಾರ್ಚ್‌ನಲ್ಲಿ, ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ 600 ಮೀಟರ್ ಆಳದಲ್ಲಿ. ಅದೂ 30 ಸೆಂ.ಮೀ. ಉದ್ದದ ಮರಿ. ಬೆಳೆದ ಸ್ಕ್ವಿಡ್‌ನ ಈಜುವ ವೇಗದ ಖಾನೆಯನ್ನು ಖಾಲಿಯೇ ಬಿಡಿ.